ಎರಡಡಿ ಗಾಜಿನೊಳಗೆ ಒಬ್ಬ ಬೇಟೆಗಾರ

ಅಕ್ವೇರಿಯಂ ಎಂದ ಕೂಡಲೇ ಹೆಚ್ಚಿನವರ ನೆನಪಿಗೆ ಬರುವುದು ಗೋಲ್ಡ್ ಫಿಶ್, ಗಪ್ಪಿ, ಮೋಲಿ. ಬಣ್ಣಬಣ್ಣದ ಬಾಲ ಬೀಸುತ್ತಾ ಅತ್ತಿಂದಿತ್ತ ಈಜುವ ಸಾಧು ಮೀನುಗಳು. ಆದರೆ ಒಂದಷ್ಟು ಕಾಲ ಮೀನು ಸಾಕಿದವರಲ್ಲಿ ಹಲವರಿಗೆ ಯಾವಾಗಲಾದರೊಮ್ಮೆ ಬೇರೆಯದೇ ಆಸೆ ಹುಟ್ಟುತ್ತದೆ. ಕಾಳು ತಿಂದುಕೊಂಡು ಇರುವ ಮೀನು ಸಾಕು, ಇನ್ನು ಬೇಟೆಯಾಡುವ ಮೀನು ಬೇಕು ಎಂಬ ಆಸೆ. ನಮ್ಮ ಜೀವಶಾಸ್ತ್ರ ಪಾಠದಲ್ಲಿ ‘ಪರಭಕ್ಷಕ’ ಎಂದು ಓದುತ್ತೇವಲ್ಲ, ಅದನ್ನು ಮನೆಯ ಹಾಲ್‌ನಲ್ಲೇ ಕಣ್ಣಾರೆ ನೋಡುವ ಆಸೆ.

ನಮ್ಮ ಮನೆಯಲ್ಲಿ ಈ ಆಸೆ ಹುಟ್ಟಿದ್ದು ಎಂಟನೇ ತರಗತಿಯಲ್ಲಿರುವ ನನ್ನ ತಮ್ಮನಿಗೆ. ಗಪ್ಪಿಗಳನ್ನು ದೊಡ್ಡಮ್ಮನ ಮಕ್ಕಳಿಗೆ ಕೊಟ್ಟ ಮೇಲೆ ನಮ್ಮ ಟ್ಯಾಂಕ್ ಖಾಲಿಯಾಗಿತ್ತು. ಪೆರ್ನಾಲ್‌ಗೆ ಸಿಕ್ಕಿದ ದುಡ್ಡು ಅವನ ಕೈಯಲ್ಲಿತ್ತು. “ಮೀನು ತಿನ್ನುವ ಮೀನೇ ಬೇಕು” ಎಂದು ಪಟ್ಟು ಹಿಡಿದ. ಉಪ್ಪ ಒಂದೇ ಮಾತು ಹೇಳಿದರು: “ತನ್ನಿ. ಆದರೆ ಅದು ಸಾಯುವವರೆಗೆ ಚೆನ್ನಾಗಿ ನೋಡಿಕೊಳ್ಳಲು ಆಗುವಂಥದ್ದನ್ನೇ ತನ್ನಿ.” ನಾನು ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವ ಕಾರಣಕ್ಕೆ ಆರಿಸುವ ಕೆಲಸ ನನ್ನ ತಲೆಗೆ ಬಂತು.

ಉಪ್ಪನ ಮಾತು ಕೇಳಲು ಸುಲಭ. ಆದರೆ ಅದನ್ನು ಇಟ್ಟುಕೊಂಡು ಒಂದೊಂದೇ ಮೀನನ್ನು ಅಳೆಯುತ್ತಾ ಹೋದರೆ ಅಂಗಡಿಯ ಮುಕ್ಕಾಲು ಭಾಗ ಖಾಲಿಯಾಗಿಬಿಡುತ್ತದೆ ಎಂದು ಆಮೇಲೆ ತಿಳಿಯಿತು.

ಮೊದಲು ನಮ್ಮ ಟ್ಯಾಂಕಿನ ಲೆಕ್ಕ. ಉದ್ದ ಎರಡಡಿ, ಅಗಲ ಒಂದಡಿ, ಎತ್ತರ ಒಂದಡಿ. ಸೆಂಟಿಮೀಟರಿನಲ್ಲಿ ಸುಮಾರು 60, 30, 30. ಗುಣಿಸಿದರೆ 54,000 ಘನ ಸೆಂಟಿಮೀಟರ್, ಅಂದರೆ 54 ಲೀಟರ್. ತಳದ ಮರಳು, ಮೇಲೆ ಬಿಡಬೇಕಾದ ಜಾಗ ಕಳೆದರೆ ಉಳಿಯುವ ನೀರು 45 ಲೀಟರಿನ ಆಸುಪಾಸು. ನೀರು ತುಂಬುವ ದೊಡ್ಡ ಕೊಡದಲ್ಲಿ ಮೂರು ಕೊಡ. ಒಂದು ಜೀವ ತನ್ನ ಇಡೀ ಆಯುಷ್ಯ ಕಳೆಯಬೇಕಾದ ಜಗತ್ತು ಇಷ್ಟೇ.

ಪೇಟೆಯ ಒಂದು ಅಂಗಡಿಗೆ ಹೋದೆವು. ಅಲ್ಲಿ ತಮ್ಮನ ಕಣ್ಣು ಮೊದಲು ಬಿದ್ದದ್ದು ಆಸ್ಕರ್ ಮೀನಿನ ಮೇಲೆ. ಎರಡು ಇಂಚಿನ ಮರಿಗಳು. ಕಪ್ಪು ಮೈಮೇಲೆ ಕೆಂಡದಂಥ ಕಿತ್ತಳೆ ಬಣ್ಣದ ಗೆರೆಗಳು. ಬೆರಳು ಹಿಡಿದರೆ ಬೆರಳಿನ ಹಿಂದೆಯೇ ಬರುತ್ತಿದ್ದವು. ಮಾರುವವರು “ಧೈರ್ಯವಾಗಿ ತೆಗೆದುಕೊಂಡು ಹೋಗಿ, ಟ್ಯಾಂಕ್ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯುವುದು” ಎಂದರು. ಈ ಮಾತನ್ನು ನೀವೂ ಕೇಳಿರಬಹುದು. ಇದು ನಿಜವಲ್ಲ. ದಕ್ಷಿಣ ಅಮೆರಿಕದ ನದಿಗಳಿಂದ ಬಂದ ಆಸ್ಕರ್ ಚೆನ್ನಾಗಿ ಬೆಳೆದರೆ ಸುಮಾರು 30 ಸೆಂಟಿಮೀಟರ್ ಆಗುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ನಮ್ಮ ಟ್ಯಾಂಕಿನ ಅಗಲವೂ 30 ಸೆಂಟಿಮೀಟರೇ. ಅಂದರೆ ಬೆಳೆದ ಆಸ್ಕರ್ ನಮ್ಮ ಟ್ಯಾಂಕಿನಲ್ಲಿ ತಿರುಗಿಕೊಳ್ಳುವುದೇ ಕಷ್ಟ. ಚಿಕ್ಕ ಜಾಗದಲ್ಲಿ, ತನ್ನದೇ ಕೊಳೆ ತುಂಬಿದ ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ಹೌದು. ಆದರೆ ಅದು ಹೊಂದಾಣಿಕೆಯಲ್ಲ, ಕಾಯಿಲೆ. ಚಿಕ್ಕ ಚಪ್ಪಲಿಯಲ್ಲಿ ಮಗುವಿನ ಕಾಲನ್ನು ಕಟ್ಟಿಟ್ಟು, ಪಾದ ಚಪ್ಪಲಿಗೆ ಸರಿಯಾಯಿತು ಎಂದ ಹಾಗೆ.

ಆಸ್ಕರ್ ಬಗ್ಗೆ ನನಗೆ ಪುಸ್ತಕಕ್ಕಿಂತ ಮೊದಲೇ ಒಂದು ಪಾಠ ಸಿಕ್ಕಿತ್ತು. ನಮ್ಮ ಮಾಮ ಗಲ್ಫ್‌ನಿಂದ ದೀರ್ಘ ರಜೆಯಲ್ಲಿ ಬಂದಿದ್ದಾಗ ನಾಲ್ಕಡಿಯ ಟ್ಯಾಂಕ್ ಮಾಡಿಸಿ ಆಸ್ಕರ್ ಸಾಕಿದ್ದರು. ಆ ಮೀನು ಮಾಮನನ್ನು ಗುರುತಿಸುತ್ತಿತ್ತು. ಅವರು ಕೋಣೆಗೆ ಬಂದರೆ ಗಾಜಿಗೆ ಮುಖ ಒತ್ತಿ ಬಾಲ ಆಡಿಸುತ್ತಿತ್ತು. ಬೇರೆಯವರು ಹೋದರೆ ಮೂಲೆಗೆ ಸರಿಯುತ್ತಿತ್ತು. ರಜೆ ಮುಗಿಯಿತು, ಮಾಮ ವಿಮಾನ ಹತ್ತಿದರು. ಮೀನಿಗೆ ಪಾಸ್‌ಪೋರ್ಟ್ ಇಲ್ಲವಲ್ಲ. ಅಂದಿನಿಂದ ಮೂರು ಮಕ್ಕಳ ಜೊತೆಗೆ ಅದರ ಊಟ, ಅದರ ನೀರು ಎಲ್ಲ ಮಾಮಿಯ ಪಾಲಿಗೆ. ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ, ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವಾಗ, ವಾರಕ್ಕೊಮ್ಮೆ ಮೀನಿಗಾಗಿ ಐದಾರು ಕೊಡ ನೀರು ಬದಲಿಸಬೇಕು. ಮಾಮಿ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಒಮ್ಮೆ ಕೊಡ ಇಳಿಸಿ ಸೊಂಟಕ್ಕೆ ಕೈಯಿಟ್ಟು ನಿಂತಾಗ ಹೇಳಿದ್ದು ನನಗೆ ನೆನಪಿದೆ: “ತಂದದ್ದು ಒಬ್ಬರು, ಸಾಕುವುದು ಇನ್ನೊಬ್ಬರು.” ಮನೆಯ ಪ್ರಾಣಿಗಳ ಕತೆ ಹೆಚ್ಚಾಗಿ ಹೀಗೆಯೇ. ಆಸೆ ನಮ್ಮದು, ಕೊಡ ಉಮ್ಮಂದಿರದ್ದು.

ಹಾಗಾಗಿ ಲ್ಯಾಬ್ ರೆಕಾರ್ಡಿನ ಹಿಂದಿನ ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿದೆ. ಪೂರ್ತಿ ಬೆಳೆದಾಗ ಎಷ್ಟು ಉದ್ದ? ಎಷ್ಟು ವರ್ಷ ಬದುಕುತ್ತದೆ? ಏನು ತಿನ್ನುತ್ತದೆ? ಎಲ್ಲಿಂದ ಬರುತ್ತದೆ? ಅಂಗಡಿಯಲ್ಲಿ ಕಂಡ, ಗೆಳೆಯರು ಹೇಳಿದ ಮೀನುಗಳನ್ನೆಲ್ಲ ಈ ಕಾಲಂಗಳಿಗೆ ಹಾಕಿ ನೋಡಿದೆ.

‘ಶಾರ್ಕ್’ ಎಂಬ ಹೆಸರಿನಲ್ಲಿ ಬೆಳ್ಳಿ ಬಣ್ಣದ ಚಿಕ್ಕ ಮೀನುಗಳನ್ನು ಮಾರುತ್ತಾರೆ. ಅದು ಶಾರ್ಕ್ ಅಲ್ಲವೇ ಅಲ್ಲ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಪಂಗಾಸಿಯಸ್, ನಮ್ಮ ಮುಗುಡಿನ ದೂರದ ಸಂಬಂಧಿ. ಹೋಟೆಲ್‌ಗಳಲ್ಲಿ ‘ಬಾಸಾ’ ಎಂದು ಮುಳ್ಳಿಲ್ಲದ ತುಂಡುಗಳಾಗಿ ತಟ್ಟೆಗೆ ಬರುವುದು ಹೆಚ್ಚಾಗಿ ಇದೇ. ಒಂದು ಮೀಟರಿಗೂ ಉದ್ದ ಬೆಳೆಯುತ್ತದೆ. ಎರಡಡಿ ಟ್ಯಾಂಕಿಗೆ ಮೂರಡಿ ಮೀನು! ‘ಪಿರಾನ್ಹಾ’ ಎಂದು ತೋರಿಸಿದ ಕೆಂಪು ಹೊಟ್ಟೆಯ ಮೀನಿನ ಕತೆ ಇನ್ನೂ ತಮಾಷೆಯದು. ಅದು ಪಾಕು. ಮೀನು ಮಾರ್ಕೆಟ್ಟಿನಲ್ಲಿ ‘ರೂಪ್‌ಚಂದ್’ ಎಂದು ಮಾರುವುದು ಇದನ್ನೇ. ಅದರ ಹಲ್ಲು ಗಟ್ಟಿಯಾಗಿರುವುದು ಮನುಷ್ಯರನ್ನು ಕಚ್ಚಲಿಕ್ಕಲ್ಲ, ನದಿಗೆ ಬೀಳುವ ಬೀಜ, ಕಾಯಿಗಳನ್ನು ಒಡೆದು ತಿನ್ನಲಿಕ್ಕೆ. ಪಿರಾನ್ಹಾ ಎಂದು ಹೆಮ್ಮೆಯಿಂದ ಸಾಕುತ್ತಿರುವ ಎಷ್ಟೋ ಮನೆಗಳಲ್ಲಿ ನಿಜಕ್ಕೂ ಇರುವುದು ಈ ಸಸ್ಯಪ್ರಿಯ ರೂಪ್‌ಚಂದ್. ಅದೂ ಎರಡಡಿಗಿಂತ ಹೆಚ್ಚು ಬೆಳೆಯಬಲ್ಲದು.

ಕೆಂಪು ಬಾಲದ ಕ್ಯಾಟ್ ಫಿಶ್ ಅಮೆಜಾನ್ ನದಿಯದು, ಮೀಟರ್ ದಾಟುತ್ತದೆ. ಮೊಸಳೆಯಂಥ ಮೂತಿಯ ಅಲಿಗೇಟರ್ ಗಾರ್ ಉತ್ತರ ಅಮೆರಿಕದ್ದು, ಆರಡಿಗೂ ಮೀರಿ ಬೆಳೆಯುತ್ತದೆ. ಅಂಗಡಿಯಲ್ಲಿ ಎಲ್ಲವೂ ಮೂರು ಇಂಚು, ನಾಲ್ಕು ಇಂಚು. ಎಲ್ಲವೂ ಮುದ್ದು ಮುದ್ದು. ಒಂದೊಂದಾಗಿ ಎಲ್ಲದರ ಮೇಲೂ ಗೀಟು ಎಳೆದೆ. ತಮ್ಮನ ಮುಖ ಸಣ್ಣದಾಗುತ್ತಾ ಹೋಯಿತು.

“ತಂದು ಸಾಕೋಣ. ದೊಡ್ಡದಾದರೆ ಹೊಳೆಗೆ ಬಿಟ್ಟರಾಯಿತು” ಎಂದ.

ಅವನೊಬ್ಬನ ಮಾತಲ್ಲ ಇದು. ದೊಡ್ಡವರೂ ಹೀಗೆಯೇ ಹೇಳುತ್ತಾರೆ. ಕೊಲ್ಲುವುದಕ್ಕಿಂತ ಬಿಡುವುದು ಪುಣ್ಯದ ಕೆಲಸ ಎಂಬ ಭಾವನೆ. ಆದರೆ ನಮ್ಮ ದ್ವಿತೀಯ ಪಿಯುಸಿಯ ಜೀವವೈವಿಧ್ಯದ ಪಾಠವನ್ನೇ ತೆರೆದು ನೋಡಿ. ಪೂರ್ವ ಆಫ್ರಿಕದ ವಿಕ್ಟೋರಿಯಾ ಸರೋವರಕ್ಕೆ ನೈಲ್ ಪರ್ಚ್ ಎಂಬ ಬೇಟೆಗಾರ ಮೀನನ್ನು ತಂದು ಬಿಟ್ಟ ಮೇಲೆ, ಬೇರೆಲ್ಲೂ ಇಲ್ಲದ 200ಕ್ಕೂ ಹೆಚ್ಚು ಜಾತಿಯ ಸಿಕ್ಲಿಡ್ ಮೀನುಗಳು ನಿರ್ನಾಮವಾದವು ಎಂದು ಅಲ್ಲಿದೆ. ಅದೇ ಪುಟಗಳಲ್ಲಿ ಆಫ್ರಿಕನ್ ಕ್ಯಾಟ್ ಫಿಶ್ ನಮ್ಮ ನದಿಗಳ ಸ್ಥಳೀಯ ಕ್ಯಾಟ್ ಫಿಶ್‌ಗಳಿಗೆ ಕುತ್ತಾಗಿರುವ ಮಾತೂ ಇದೆ. ಅದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಪರೀಕ್ಷೆಗೆ ನಾವು ಇದನ್ನು ಎರಡು ಅಂಕದ ಉತ್ತರವಾಗಿ ಬಾಯಿಪಾಠ ಮಾಡುತ್ತೇವೆ. ಆದರೆ ಆ ಎರಡು ಅಂಕದ ಪ್ರಶ್ನೆ ನಮ್ಮ ಮನೆಯ ಟ್ಯಾಂಕಿನಿಂದ ಹೊಳೆಯ ಬದಿಗೆ ಒಂದು ಬಕೆಟ್ಟಿನಷ್ಟೇ ದೂರದಲ್ಲಿದೆ. 2018ರ ಕೇರಳದ ಮಹಾ ನೆರೆಯ ನಂತರ ಅಲ್ಲಿನ ಹೊಳೆಗಳಲ್ಲಿ ಅಮೆಜಾನಿನ ಅರಪೈಮಾ ಮೀನು ಬಲೆಗೆ ಸಿಕ್ಕಿದ ಸುದ್ದಿ ಬಂದಿತ್ತು. ಅದು ತಾನಾಗಿ ಸಮುದ್ರ ದಾಟಿ ಬಂದದ್ದಲ್ಲ. ಯಾರೋ ಸಾಕಿದ್ದು ನೆರೆಯಲ್ಲಿ ತೇಲಿ ಹೋದದ್ದು.

ಬೇಟೆಗಾರ ಮೀನು ಚಿಕ್ಕದಾದರೂ ಈ ಮಾತು ಸುಳ್ಳಾಗುವುದಿಲ್ಲ. ಸೊಳ್ಳೆಮರಿ ತಿನ್ನಲೆಂದು ನಮ್ಮ ದೇಶಕ್ಕೆ 1928ರಲ್ಲಿ ತಂದ ಗಾಂಬೂಸಿಯಾ ಕೇವಲ ಒಂದೆರಡು ಇಂಚಿನದು. ಆದರೆ ಅದು ಸೊಳ್ಳೆಮರಿಗೆ ಮಾತ್ರ ಬಾಯಿ ಹಾಕುವುದಿಲ್ಲ, ಸ್ಥಳೀಯ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಟ್ಯಾಂಕಿನ ಮೀನು ಟ್ಯಾಂಕಿನಲ್ಲೇ ಇರಬೇಕು. ಹೊಳೆಗೆ ಬಿಡುವುದು ಬಿಡುಗಡೆಯಲ್ಲ. ನಮ್ಮ ಹೊಣೆಯನ್ನು ಹೊಳೆಯ ತಲೆಗೆ ಹೊರಿಸುವುದು.

ಹಾಗಾದರೆ ದೇಹ ಚಿಕ್ಕದು, ಗುಣ ಬೇಟೆಗಾರನದು ಎನ್ನುವ ಮೀನು ಇಲ್ಲವೇ? ಇದೆ. ಒಂದಲ್ಲ, ಹಲವು. ಇಲ್ಲಿಂದ ಹುಡುಕಾಟ ನನಗೇ ಖುಷಿ ಕೊಡತೊಡಗಿತು. ಯಾಕೆಂದರೆ ಅವುಗಳಲ್ಲಿ ಕೆಲವು ನಮ್ಮದೇ ನೆಲದವು.

ಮೊದಲನೆಯದು ಬಟಾಣಿ ಪಫರ್. ಬಲೆಗೆ ಬಿದ್ದಾಗ ಹೊಟ್ಟೆ ಊದಿಸಿಕೊಳ್ಳುವ ವಿಷದ ಮೀನನ್ನು ಕಡಲ ಬದಿಯವರೆಲ್ಲ ನೋಡಿರುತ್ತೇವೆ. ಅದೇ ಕುಟುಂಬದ, ಪೂರ್ತಿ ಸಿಹಿನೀರಿನಲ್ಲೇ ಬದುಕುವ ಪುಟಾಣಿ ಇದು. ಬೆಳೆದರೂ ಮೂರು ಸೆಂಟಿಮೀಟರ್ ಆಸುಪಾಸು. 1941ರಲ್ಲಿ ಕೇರಳದ ಪಂಬಾ ನದಿಯ ಮೀನಿನಿಂದ ಇದನ್ನು ಮೊದಲು ವಿಜ್ಞಾನಕ್ಕೆ ಪರಿಚಯಿಸಿದರು. ಕೇರಳ ಮತ್ತು ದಕ್ಷಿಣ ಕರ್ನಾಟಕ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಎರಡು ಕಣ್ಣುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತಾ ಬಸವನಹುಳವನ್ನು ಹಿಂಬಾಲಿಸಿ ಹೋಗಿ ಕಚ್ಚುತ್ತದೆ. ಅದರ ಹಲ್ಲು ಬೆಳೆಯುತ್ತಲೇ ಇರುವುದರಿಂದ ಸವೆಯಲು ಚಿಪ್ಪಿನ ಆಹಾರ ಬೇಕು. ಒಣ ಕಾಳು ಹಾಕಿದರೆ ಹೆಚ್ಚಾಗಿ ಮೂಸಿಯೂ ನೋಡುವುದಿಲ್ಲ. ಬೇರೆ ಮೀನಿನ ಜೊತೆ ಬಿಟ್ಟರೆ ಅವುಗಳ ಈಜುರೆಕ್ಕೆ ಹರಿಯುತ್ತದೆ.

ಎರಡನೆಯದು ಕೆಂಪು ಬ್ಯಾಡಿಸ್. ಬ್ರಹ್ಮಪುತ್ರಾ ಬಯಲಿನ ತೊರೆಗಳ ಮೀನು, ಗಂಡು ಎರಡು ಸೆಂಟಿಮೀಟರ್ ಮೀರುವುದು ಅಪರೂಪ. ಇದನ್ನು 1822ರಲ್ಲಿ ಗಂಗಾ ನದಿಯ ಮೀನುಗಳ ಬಗೆಗಿನ ತಮ್ಮ ಗ್ರಂಥದಲ್ಲಿ ಮೊದಲು ವರ್ಣಿಸಿದವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷವೇ ಮೈಸೂರು, ಕೆನರಾ, ಮಲಬಾರ್ ಪ್ರಾಂತ್ಯಗಳನ್ನು ಸುತ್ತಿ, ಬೆಳೆ, ಮಣ್ಣು, ಜನಜೀವನದ ವಿವರ ಬರೆದ ಅದೇ ಬುಕಾನನ್. ಇತಿಹಾಸ ಪಾಠದ ಹೆಸರು ಮೀನಿನ ಪುಸ್ತಕದಲ್ಲಿ ಸಿಕ್ಕಾಗ ಹಳೆಯ ಪರಿಚಿತರು ಬಸ್ಸಿನಲ್ಲಿ ಸಿಕ್ಕಿದ ಹಾಗಾಯಿತು.

ಈ ಬ್ಯಾಡಿಸ್ ಬಳಗದ್ದೇ ಇನ್ನೊಂದು ಮೀನು ನಮ್ಮ ರಾಜ್ಯದಲ್ಲಿದೆ. 2015ರಲ್ಲಿ ರಾಲ್ಫ್ ಬ್ರಿಟ್ಸ್ ಮತ್ತು ಅನ್ವರ್ ಅಲಿ ಎಂಬ ವಿಜ್ಞಾನಿಗಳು ಕರ್ನಾಟಕದ ಒಂದು ತೊರೆಯ ಪುಟ್ಟ ಮೀನಿಗೆ ಹೊಸ ಹೆಸರಿಟ್ಟರು: ‘ಡಾರಿಯೋ ಹುಲಿ’. ಹೌದು, ನಮ್ಮ ಕನ್ನಡದ ಹುಲಿಯೇ. ಗಂಡು ಮೀನಿನ ಮೈಮೇಲಿನ ಪಟ್ಟೆಗಳನ್ನು ನೋಡಿ ಇಟ್ಟ ಹೆಸರು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹುಲಿ! ಇದನ್ನು ಓದಿ ಹೇಳಿದಾಗ ತಮ್ಮ ಎದ್ದು ಕುಳಿತ. “ಅದೇ ಬೇಕು” ಎಂದ.

ಇಲ್ಲಿ ನನ್ನ ನಾಲ್ಕನೆಯ ಕಾಲಂ ಅಡ್ಡ ಬಂತು. ಎಲ್ಲಿಂದ ಬರುತ್ತದೆ? ಇಷ್ಟು ಚಿಕ್ಕ ಪ್ರದೇಶದಲ್ಲಿ ಮಾತ್ರ ಇರುವ ಮೀನನ್ನು ತೊರೆಯಿಂದ ಹಿಡಿದೇ ತರಬೇಕು. ಬಟಾಣಿ ಪಫರಿನದೂ ಬಹುಮಟ್ಟಿಗೆ ಅದೇ ಕತೆ. ಮಾರಾಟಕ್ಕಾಗಿ ನದಿಯಿಂದ ಹಿಡಿಯುತ್ತಾರೆ. ‘ಮಿಸ್ ಕೇರಳ’ ಎಂದು ಹೆಸರಾದ, ಕೆಂಪು ಗೆರೆಯ ಸುಂದರ ಮೀನು ಕೂಡ ನಮ್ಮ ಪಶ್ಚಿಮ ಘಟ್ಟದ್ದೇ. ಅಕ್ವೇರಿಯಂ ವ್ಯಾಪಾರಕ್ಕೆ ಮಿತಿ ಇಲ್ಲದೆ ಹಿಡಿದದ್ದರಿಂದಲೇ ಅದು ಇಂದು ಅಳಿವಿನಂಚಿನ ಪಟ್ಟಿ ಸೇರಿದೆ. ನಮ್ಮ ಭಾಷೆಯ ಹೆಸರು ಹೊತ್ತ ಹುಲಿಯನ್ನು ನಮ್ಮ ಹಾಲ್‌ಗೆ ತರಲಿಕ್ಕಾಗಿ ಒಂದು ತೊರೆ ಬರಿದಾಗುವುದು ಬೇಡ. ಅದು ಅಲ್ಲಿಯೇ ಇರಲಿ, ಇದೆ ಎಂದು ನಮಗೆ ಗೊತ್ತಿದ್ದರೆ ಸಾಕು.

ತೋಡು, ಗದ್ದೆಗಳ ಕಿರು ಕೊರವ ಮೀನನ್ನೂ ಪಟ್ಟಿಗೆ ಹಾಕಿದ್ದೆ. ಹಾವಿನಂಥ ತಲೆ, ನೀಲಿ ಅಂಚಿನ ಈಜುರೆಕ್ಕೆ. ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಮೊಟ್ಟೆಗಳನ್ನು ಗಂಡು ತನ್ನ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಸಾಕಲು ಬಹಳ ಸೊಗಸು. ಆದರೆ 20 ಸೆಂಟಿಮೀಟರ್‌ವರೆಗೆ ಬೆಳೆಯುವ ಅದಕ್ಕೆ ನಮ್ಮ ಟ್ಯಾಂಕ್ ಇಕ್ಕಟ್ಟು, ಮುಚ್ಚಳದಲ್ಲಿ ಎರಡು ಬೆರಳಿನಷ್ಟು ಸಂದಿಯಿದ್ದರೂ ರಾತ್ರಿ ಹಾರಿ ನೆಲಕ್ಕೆ ಬೀಳುವ ಜಾತಿ. ಮೂರಡಿ ಟ್ಯಾಂಕ್ ಇರುವವರು ಯೋಚಿಸಬಹುದು.

ಈ ನಡುವೆ ತಮ್ಮ ಮದ್ರಸದಲ್ಲಿ ಉಸ್ತಾದರನ್ನು ಕೇಳಿಕೊಂಡು ಬಂದಿದ್ದ: ಮೀನನ್ನು ಗಾಜಿನೊಳಗೆ ಕೂಡಿಹಾಕುವುದು ಸರಿಯೇ? ಉಸ್ತಾದರು ಎರಡು ಹದೀಸ್ ಹೇಳಿದರಂತೆ. ಒಂದು, ಅಬೂ ಉಮೈರ್ ಎಂಬ ಪುಟ್ಟ ಬಾಲಕನದು. ಅವನೊಂದು ಚಿಕ್ಕ ಹಕ್ಕಿ ಸಾಕಿದ್ದ. ಪ್ರವಾದಿ(ಸ) ಅವನ ಮನೆಗೆ ಬಂದಾಗಲೆಲ್ಲ ಆ ಹಕ್ಕಿಯ ಬಗ್ಗೆ ಪ್ರೀತಿಯಿಂದ ವಿಚಾರಿಸುತ್ತಿದ್ದರು, ಸಾಕಬೇಡ ಎನ್ನಲಿಲ್ಲ. ಇನ್ನೊಂದು, ಬೆಕ್ಕನ್ನು ಕಟ್ಟಿಹಾಕಿದ ಹೆಂಗಸಿನದು. ಅವಳು ಅದಕ್ಕೆ ತಿನ್ನಲೂ ಕೊಡಲಿಲ್ಲ, ತಾನೇ ಬೇಟೆಯಾಡಿ ತಿನ್ನಲಿ ಎಂದು ಬಿಡಲೂ ಇಲ್ಲ. ಆ ಕಾರಣಕ್ಕೆ ಶಿಕ್ಷೆಗೆ ಗುರಿಯಾದಳು. ಸಾಕುವುದಕ್ಕೆ ಅನುಮತಿ ಇದೆ, ಸಾಕುವ ಹೊಣೆಗೆ ರಿಯಾಯಿತಿ ಇಲ್ಲ ಎಂದರಂತೆ ಉಸ್ತಾದರು.

ಎರಡನೆಯ ಹದೀಸಿನಲ್ಲಿ ಬರುವ ಬೆಕ್ಕೂ ಬೇಟೆಗಾರ ಪ್ರಾಣಿಯೇ ಎಂಬುದು ನನಗೆ ಹೊಳೆದದ್ದು ಆಗ. ಬೇಟೆಯಾಡಿ ಬದುಕಬೇಕಾದ ಜೀವವನ್ನು ಕೂಡಿಹಾಕಿದ ಕ್ಷಣದಿಂದ ಅದರ ಬೇಟೆಯ ಹೊಣೆಯೂ ನಮ್ಮದಾಗುತ್ತದೆ. ಕಾಳು ತಿನ್ನುವ ಗಪ್ಪಿಗಿಂತ ಬೇಟೆಗಾರ ಮೀನಿನ ವಿಷಯದಲ್ಲಿ ಈ ಹೊಣೆ ಹೆಚ್ಚು ಭಾರ. ಒಂದು, ಅದಕ್ಕೆ ಅದರದೇ ಆಹಾರ ಬೇಕು. ಎರಡು, ಮಾಂಸದ ಆಹಾರ ತಿನ್ನುವುದರಿಂದ ಅದರ ನೀರು ಬೇಗ ಕೆಡುತ್ತದೆ. ಮೀನುಗಳು ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತವೆ ಎಂದು ವಿಸರ್ಜನೆಯ ಪಾಠದಲ್ಲಿ ಓದಿದ್ದೇವೆ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ. 45 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡಬೇಕು. ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ ತಂದ ಸಂಜೆಯೇ ಮೀನು ಬಿಟ್ಟರೆ ಅದು ತನ್ನದೇ ವಿಷದಲ್ಲಿ ಈಜಬೇಕಾಗುತ್ತದೆ.

ಇದನ್ನೆಲ್ಲ ಕ್ಲಾಸಿನಲ್ಲಿ ಹೇಳಿದಾಗ ಗೆಳೆಯರು ನಕ್ಕರು. “ಮಧ್ಯಾಹ್ನ ಬಂಗುಡೆ ಸಾರು ಚಪ್ಪರಿಸಿ ತಿಂದು ಸಂಜೆ ಮೀನಿನ ಮೇಲೆ ಕರುಣೆಯೇ?” ಪ್ರಶ್ನೆ ಸರಿಯಾದದ್ದೇ. ನಾನು ಬಂಗುಡೆ ತಿನ್ನುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಬಂಗುಡೆ ಬಲೆಗೆ ಬೀಳುವವರೆಗೆ ಕಡಲಿನಲ್ಲಿ ಬಂಗುಡೆಯಾಗಿಯೇ ಬದುಕಿತ್ತು. ನಾವು ಅದನ್ನು ತಿನ್ನುವುದು ಹಸಿವಿಗೆ. ಟ್ಯಾಂಕಿನ ಮೀನನ್ನು ತರುವುದು ನಮ್ಮ ಕಣ್ಣಿನ ಸಂತೋಷಕ್ಕೆ. ನಮ್ಮ ಸಂತೋಷಕ್ಕಾಗಿ ಇನ್ನೊಂದು ಜೀವವನ್ನು ದಿನವೂ ಕಷ್ಟದಲ್ಲಿಡಬೇಕಾದರೆ ಆ ಸಂತೋಷ ನಮಗೆ ಬೇಕಾಗಿಲ್ಲ. ಜೀವಂತ ಗೋಲ್ಡ್ ಫಿಶ್ ಹಾಕಿ, ಸುತ್ತ ನಿಂತು ಮೊಬೈಲ್‌ನಲ್ಲಿ ವೀಡಿಯೊ ಮಾಡುವ ಆಟಕ್ಕೂ ಇದೇ ಉತ್ತರ. ಬೇಟೆ ಹಸಿದ ಮೀನಿನ ಕೆಲಸ. ಅದು ನಮ್ಮ ತಮಾಷೆಯಾಗಬಾರದು. ಜೊತೆಗೆ, ಹಾಗೆ ಮಾರುವ ಅಗ್ಗದ ಮೀನುಗಳಿಂದ ರೋಗವೂ ಬರುತ್ತದೆ.

ಕೊನೆಗೆ ನಾಲ್ಕೂ ಕಾಲಂಗಳಲ್ಲಿ ಉಳಿದದ್ದು ಎಲ್ಲರಿಗೂ ಗೊತ್ತಿರುವ, ಯಾರೂ ಬೇಟೆಗಾರ ಎಂದು ಎಣಿಸದ ಒಂದು ಮೀನು: ಫೈಟರ್. ಉದ್ದ ಆರೇಳು ಸೆಂಟಿಮೀಟರ್. ಆಯುಷ್ಯ ಎರಡರಿಂದ ನಾಲ್ಕು ವರ್ಷ. ಆಹಾರ ಹುಳು, ಸೊಳ್ಳೆಮರಿ, ಕೀಟ. ಒಳ್ಳೆಯ ಕಾಳು ಕೊಟ್ಟರೂ ಕಲಿಯುತ್ತದೆ. ಥಾಯ್ಲೆಂಡ್ ಕಡೆಯ ಮೀನಾದರೂ ನಮ್ಮಲ್ಲಿ ಮಾರುವಂಥವು ಸಾಕಣೆಯಲ್ಲಿ ಮರಿಯಾದವು. ಚೆನ್ನೈಯ ಕೊಳತ್ತೂರಿನಂಥ ಕಡೆ ಬಣ್ಣದ ಮೀನು ಸಾಕಣೆ ಎಷ್ಟೋ ಕುಟುಂಬಗಳ ಜೀವನೋಪಾಯ. ಯಾವ ತೊರೆಯನ್ನೂ ಬರಿದು ಮಾಡಬೇಕಾಗಿಲ್ಲ. ಅಂಗಡಿಯಲ್ಲಿ ಅದನ್ನು ಚಹಾ ಲೋಟದಷ್ಟು ಚಿಕ್ಕ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಅದು ಸಾಯದೇ ಉಳಿಯುವುದು ಮೇಲಿನ ಗಾಳಿಯನ್ನು ಉಸಿರಾಡುವ ವಿಶೇಷ ಅಂಗ ಇರುವುದರಿಂದ. ಸಾಯದಿರುವುದು ಬೇರೆ, ಬದುಕುವುದು ಬೇರೆ. ಆ ಡಬ್ಬಿಯಿಂದ 45 ಲೀಟರಿಗೆ ಬಂದ ಫೈಟರ್‌ಗೆ ನಮ್ಮ ಎರಡಡಿ ಟ್ಯಾಂಕ್ ಇಕ್ಕಟ್ಟಲ್ಲ, ಒಂದು ಸಾಮ್ರಾಜ್ಯ.

ತಮ್ಮನಿಗೆ ಮೊದಲು ಬಹಳ ನಿರಾಸೆಯಾಯಿತು. “ಇಷ್ಟು ಹುಡುಕಿ ಕೊನೆಗೆ ಫೈಟರಾ?” ಎಂದ. ಆದರೂ ಕೆಲಸಕ್ಕೆ ಕೈಜೋಡಿಸಿದ. ಬಾವಿಯ ನೀರು ತುಂಬಿ, ಮೆಲ್ಲಗೆ ಗುಳ್ಳೆ ಬಿಡುವ ಸ್ಪಾಂಜ್ ಫಿಲ್ಟರ್ ಇಟ್ಟೆವು. ಉದ್ದ ರೆಕ್ಕೆಯ ಫೈಟರ್ ಜೋರು ಹರಿವಿನಲ್ಲಿ ದಣಿಯುತ್ತದೆ. ಲ್ಯಾಬಿನಲ್ಲಿ ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಬಳಸುತ್ತೇವಲ್ಲ, ಅದೇ ಹೈಡ್ರಿಲ್ಲಾ ಗಿಡವನ್ನು ಚೆನ್ನಾಗಿ ತೊಳೆದು ನೆಟ್ಟೆವು. ಮುಚ್ಚಳ ಹಾಕಿ ನೀರಿನ ಮೇಲೆ ಗಾಳಿಗೆ ಜಾಗ ಬಿಟ್ಟೆವು. ನಮ್ಮ ಕರಾವಳಿಯ ಸೆಕೆಗೆ ಹೀಟರ್ ಬೇಕಾಗಲಿಲ್ಲ. ಫಿಲ್ಟರ್ ಓಡಿಸುತ್ತಾ, ಚಿಟಿಕೆ ಮೀನಿನ ಕಾಳು ಹಾಕುತ್ತಾ ಐದು ವಾರ ಕಾದೆವು. ಆಮೇಲೆ ಒಂದೇ ಒಂದು ನೀಲಿ ಗಂಡು ಫೈಟರ್ ಮನೆಗೆ ಬಂತು. ಎರಡು ಗಂಡು ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಇಷ್ಟು ಚಿಕ್ಕ ಜಾಗದಲ್ಲಿ ಬೇಟೆಗಾರ ಒಬ್ಬನೇ ಇರಬೇಕು.

ಆಹಾರದ ವಿಷಯದಲ್ಲಿ ಉಮ್ಮ ಖಡಾಖಂಡಿತ. ಸೊಳ್ಳೆಮರಿಗಾಗಿ ಬಕೆಟ್ಟಿನಲ್ಲಿ ನೀರು ಇಟ್ಟರೆ ಮೀನೂ ಬೇಡ, ಟ್ಯಾಂಕೂ ಬೇಡ ಎಂದರು. ಡೆಂಗಿ ಇರುವ ಊರಿನಲ್ಲಿ ಅದು ಸರಿಯೇ. ಹಾಗಾಗಿ ತಮ್ಮನೇ ಒಂದು ಉಪಾಯ ಕಂಡುಕೊಂಡ. ಪ್ರತಿ ಶುಕ್ರವಾರ, ಭಾನುವಾರ ಹಿತ್ತಿಲು ಸುತ್ತುತ್ತಾನೆ. ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಹೂಕುಂಡದ ಅಡಿಯ ತಟ್ಟೆ, ಹಳೆಯ ಟಯರ್ ಎಲ್ಲದರಲ್ಲಿ ನಿಂತ ನೀರನ್ನು ಬಟ್ಟೆಯಲ್ಲಿ ಸೋಸುತ್ತಾನೆ. ನೀರು ಮಣ್ಣಿಗೆ, ಮರಿಗಳು ಶುದ್ಧ ನೀರಿನಲ್ಲಿ ತೊಳೆದ ಮೇಲೆ ಮೀನಿಗೆ. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಹೇಳುವ ಕೆಲಸ ನಮ್ಮ ಹಿತ್ತಿಲಲ್ಲಿ ಒಂದು ಮೀನಿನ ಹಸಿವಿನಿಂದ ನಡೆಯುತ್ತಿದೆ. ಉಳಿದ ದಿನ ಕಾಳು, ವಾರಕ್ಕೊಂದು ದಿನ ಉಪವಾಸ, ವಾರಕ್ಕೊಮ್ಮೆ ಹತ್ತು ಲೀಟರ್ ನೀರು ಬದಲಾವಣೆ. ಹತ್ತು ಲೀಟರನ್ನು ಮೇ ತಿಂಗಳಲ್ಲೂ ಯಾರ ಸೊಂಟಕ್ಕೂ ಹೊರೆಯಾಗದೆ ತಮ್ಮನೇ ಎತ್ತಬಲ್ಲ. ಬದಲಿಸಿದ ಹಳೆಯ ನೀರು ಉಮ್ಮನ ಬಸಳೆ ಚಪ್ಪರಕ್ಕೆ.

ಮೊದಲ ಸಲ ಸೊಳ್ಳೆಮರಿ ಹಾಕಿದ ದಿನ ನಾವಿಬ್ಬರೂ ಗಾಜಿನ ಮುಂದೆ ಕುಳಿತಿದ್ದೆವು. ಮರಿ ಮೈ ಕೊಂಕಿಸುತ್ತಾ ಇಳಿಯಿತು. ಗಿಡದ ಮರೆಯಲ್ಲಿದ್ದ ಫೈಟರ್ ಒಮ್ಮೆಲೇ ನಿಂತುಬಿಟ್ಟಿತು. ರೆಕ್ಕೆಗಳು ಮಡಚಿದವು. ಎರಡು ಕಣ್ಣೂ ಮುಂದಕ್ಕೆ. ಮೈಯನ್ನು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಗ್ಗಿಸಿತು. ಆಮೇಲೆ ಏನಾಯಿತೆಂದು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ನೀರು ಅಲುಗಿತು, ಮರಿ ಇರಲಿಲ್ಲ. ತಮ್ಮ ಉಸಿರು ಬಿಡುವುದನ್ನೇ ಮರೆತಿದ್ದ. “ಹುಲಿ” ಎಂದ ಕೊನೆಗೆ. ಆಸ್ಕರಿನ ಮಾತನ್ನು ಆಮೇಲೆ ಅವನು ಎತ್ತಲಿಲ್ಲ.

ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಪಿಯುಸಿ ಮುಗಿದರೆ ನಾನು ಎಲ್ಲಾದರೂ ಹಾಸ್ಟೆಲ್ ಸೇರುತ್ತೇನೆ. ಮೀನಿಗೆ ಆಗಲೂ ಆಯುಷ್ಯ ಉಳಿದಿರಬಹುದು, ಇನ್‌ಶಾ ಅಲ್ಲಾಹ್. ಅದರ ಮುಂದಿನ ದಿನಗಳನ್ನು ತಮ್ಮ ಒಪ್ಪಿಕೊಂಡಿದ್ದಾನೆ. ಆಗ ಅವನು ಎಸ್‌ಎಸ್‌ಎಲ್‌ಸಿಯ ಹೊಸ್ತಿಲಲ್ಲಿರುತ್ತಾನೆ, ಆದರೂ ಹತ್ತು ಲೀಟರ್ ನೀರಿಗೆ ಬೇಕಾಗುವುದು ವಾರಕ್ಕೆ ಕಾಲು ಗಂಟೆ. ಆಸ್ಕರ್ ತಂದಿದ್ದರೆ ನಾನು ಡಿಗ್ರಿ ಮುಗಿಸಿ, ಕೆಲಸ ಸೇರಿ, ಅವನೂ ಊರು ಬಿಟ್ಟ ಮೇಲೆ ಕೂಡ ಉಮ್ಮ ಕೊಡ ಹೊರುತ್ತಿರುತ್ತಿದ್ದರು.

ನಿಮ್ಮಲ್ಲಿ ಯಾರಿಗಾದರೂ ಬೇಟೆಗಾರ ಮೀನು ಸಾಕುವ ಆಸೆ ಇದ್ದರೆ ಬೇಡವೆಂದು ನಾನು ಹೇಳುವುದಿಲ್ಲ. ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಆ ನಾಲ್ಕು ಕಾಲಂ ಬರೆದುಕೊಳ್ಳಿ. ಅಂಗಡಿಯ ಗಾಜಿನ ಹಿಂದೆ ಕಾಣುವುದು ಮೀನಿನ ಇವತ್ತು ಮಾತ್ರ. ನಾವು ದುಡ್ಡು ಕೊಟ್ಟು ತರುವುದು ಅದರ ಎಲ್ಲ ನಾಳೆಗಳನ್ನು.